ಅರವತ್ತರ ಕಣ್ಣಲ್ಲಿ ನೂರು

ಅಂಗಡಿಯವನು ಗಾಜಿನ ಮೇಜಿನ ಮೇಲೆ, ಹೂವು-ಹುಳಗಳನ್ನು ದೊಡ್ಡದಾಗಿ ತೆಗೆಯುವ ಎರಡು ಮ್ಯಾಕ್ರೋ ಲೆನ್ಸ್ ಇಟ್ಟ. ಒಂದು ಅರವತ್ತು ಎಂಎಂನದು, ಇನ್ನೊಂದು ನೂರರದು.

"ಅರವತ್ತರದಾದ್ರೆ ಹುಳದ ಮೂತಿ ಹತ್ರಾನೇ ಹೋಗ್ಬೇಕು ಮೇಡಂ, ಹಾರಿಹೋಗತ್ತೆ. ನೂರರದು ತಗೊಳ್ಳಿ, ದೂರದಿಂದಲೇ ಹೊಡೀಬಹುದು. ಹೊಚ್ಚ ಹೊಸದು. ನಮ್ಮ ಭಾವ ದುಬೈಯಿಂದ ತಂದದ್ದು, ಒಬ್ಬರೂ ಮುಟ್ಟಿಲ್ಲ."

"ನನ್ನ ಹತ್ರಾನೂ ಇಂಥದ್ದೇ ಇತ್ತು," ಎಂದಳು ಅವಳು. "ದಸರಾ ಮುಗಿದ ಮಾರನೇ ದಿನ ಸ್ಟುಡಿಯೋ ಬೀಗ ಒಡೆದು ಹೊತ್ಕೊಂಡು ಹೋದ್ರು."

ಅವನು ತಲೆ ಎತ್ತಲಿಲ್ಲ. "ಕಾಲ ಕೆಟ್ಟೋಗಿದೆ ಬಿಡಿ. ಪ್ಯಾಕ್ ಮಾಡ್ಲಾ?"

"ಇರಿ, ಎರಡನ್ನೂ ನೋಡಿಬಿಡ್ತೀನಿ."

ಅವಳು ತನ್ನ ಕ್ಯಾಮೆರಾಕ್ಕೆ ಅರವತ್ತರದನ್ನು ಸಿಕ್ಕಿಸಿ ಸುತ್ತ ನೋಡಿದಳು. ಅಂಗಡಿಯಲ್ಲಿ ಹೂವೂ ಇರಲಿಲ್ಲ, ಹುಳವೂ ಇರಲಿಲ್ಲ. ಎದುರಿಗಿದ್ದ ನೂರರ ಲೆನ್ಸಿನ ಮೇಲೇ ಬಗ್ಗಿ ಕ್ಲಿಕ್ ಮಾಡಿದಳು.

"ಅದನ್ಯಾಕೆ ತೆಗೀತೀರಿ?" ಅವನು ಲೆನ್ಸಿಗೆ ಕೈ ಚಾಚಿದ.

ಅವಳು ಅದನ್ನು ತನ್ನತ್ತ ಎಳೆದುಕೊಂಡು, ಕ್ಯಾಮೆರಾದ ಪರದೆಯನ್ನು ಅವನ ಮುಖದ ಮುಂದೆ ಹಿಡಿದಳು. ಚಿತ್ರದಲ್ಲಿ, ನೂರರ ಲೆನ್ಸಿನ ಫೋಕಸ್ ರಿಂಗಿನ ರಬ್ಬರ್ ಗೀರುಗಳ ಸಂದಿಯಲ್ಲಿ ಕುಂಕುಮ ಒಣಗಿ ಕೂತಿತ್ತು.

"ದುಬೈಲೂ ಆಯುಧಪೂಜೆ ಮಾಡ್ತಾರೇನ್ರೀ?"