ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಯಾರಾದರೂ ಹತ್ತಿರ ಬಂದು "ನನಗೋಸ್ಕರ ಪ್ರಾರ್ಥನೆ ಮಾಡ್ರಿ ಪಾಸ್ಟರಮ್ಮ" ಎಂದು ದನಿ ತಗ್ಗಿಸಿದರೆ, ಈಗಲೂ ನನಗೆ ಅದಿರಿನ ಧೂಳಿನ ವಾಸನೆ ಬರುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಭಾನುವಾರ ಯಶವಂತನಗರದ ನಮ್ಮ ತಗಡಿನ ಚರ್ಚಿನ ಬಾಗಿಲಲ್ಲಿ, ಗಣಿಯಿಂದ ಅದಿರು ಸಾಗಿಸುವ ಲಾರಿಯ ಡ್ರೈವರ್ ಪ್ರಕಾಶ ಮಾಮ ಅಪ್ಪನ ಕಿವಿಯಲ್ಲಿ, "ಮತ್ತ ಕುಡ್ಯಾಕ ಹತ್ತೀನ್ರಿ ಪಾಸ್ಟರ್, ಬಿಡಾಕ ಆಗವಲ್ದು" ಎಂದಿದ್ದ. ಅಪ್ಪ ಆಗಿನ್ನೂ ಹೊಸ ಪಾಸ್ಟರ್. ಪ್ರಾರ್ಥನೆಯನ್ನು ಹೆಸರು ಹಿಡಿದೇ ಮಾಡಬೇಕೆಂದು ನಂಬಿದ್ದರು. ಕಣ್ಣು ಮುಚ್ಚಿ, ಕೈಯೆತ್ತಿ ಮೈಕಿನಲ್ಲಿ ಬೇಡಿಕೊಂಡರು: "ಕರ್ತನೇ, ನಮ್ಮ ಪ್ರಕಾಶನನ್ನು ಕುಡಿತದಿಂದ ಬಿಡಿಸು."

ಎಲ್ಲರೂ ಆಮೆನ್ ಅಂದರು. ಮುಂದಿನ ಚಾಪೆಯಲ್ಲಿದ್ದ ಮೇಸ್ತ್ರಿ, ಮಾಮನಿಗೆ ಓಡಿಸಲು ಲಾರಿ ಕೊಡುತ್ತಿದ್ದವನು, ಕಣ್ಣು ತೆರೆದು ಹಿಂದೆ ತಿರುಗಿದ.

ಮಾಮ ಎದ್ದು ನಿಂತ. "ದೇವ್ರಿಗೆ ಮೊದ್ಲ ಗೊತ್ತಿತ್ರಿ ಪಾಸ್ಟರ್" ಎಂದ ಮೆಲ್ಲಗೆ. "ಇವ್ರಿಗೆ ಗೊತ್ತಿರ್ಲಿಲ್ಲ."

ಅವನು ಹೋದ ಮೇಲೆ ಚಾಪೆಯ ಮೇಲೆ ಅದಿರಿನ ಧೂಳಿನ ಎರಡು ಕೆಂಪು ಹೆಜ್ಜೆಗಳು ಉಳಿದವು. ಅಪ್ಪ ಎಷ್ಟೋ ಸಂಜೆ ಅವನ ಮನೆಯ ಕಟ್ಟೆಯ ಮೇಲೆ ಕುಳಿತು ಬಂದರು, ಬಾಗಿಲು ತೆರೆಯಲಿಲ್ಲ. ಪ್ರಾರ್ಥನೆಯಲ್ಲಿ ಮತ್ತೆಂದೂ ಯಾರ ಹೆಸರನ್ನೂ ಎತ್ತಲಿಲ್ಲ. ಅಮ್ಮ ಆ ಚಾಪೆ ಕೊಡವಲು ಹೋದಾಗಲೆಲ್ಲ ಅಪ್ಪ ತಡೆಯುತ್ತಿದ್ದರು.

"ಬ್ಯಾಡ, ಇರ್ಲಿ. ಅವ ಬಂದ್ರ ಅಲ್ಲೇ ಕುಂದ್ರತಾನ."