ಈಟಿ ಹಿಡಿದ ಕೈ

ಜೀಪು ಮುಳ್ಳುಬೇಲಿಯ ಬಳಿ ಬಂದು ನಿಂತಾಗ ಪರ್ಸಾಲೋಯಿ ಈಟಿ ಹಿಡಿದು ಸಿಂಹಿಣಿಯನ್ನು ಕೊಲ್ಲಲು ಹೊರಟಿದ್ದ. ಊರಿನ ಮಾಸಾಯಿ ದನಗಾಹಿಗಳೆಲ್ಲ ಸೇರಿ ಕಾಡುಪ್ರಾಣಿಗಳಿಗೆಂದು ಬಿಟ್ಟುಕೊಟ್ಟ ಹುಲ್ಲುಗಾವಲಿಗೆ ನುಗ್ಗಿದ ಅವನ ತುಂಬುಗಬ್ಬದ ಹಸು ಬೆಳಗಿನಿಂದ ಕಾಣೆಯಾಗಿತ್ತು.

"ಸಿಂಹ ತೋರ್ಸಿ ಮನೆ ನಡೆಸ್ತೀಯಲ್ಲ, ಈಗ ಅದರ ಹೊಟ್ಟೇಲಿರೋ ನನ್ನ ಹಸು ತೋರ್ಸೇ!" ಎಂದು ಜೀಪು ಓಡಿಸುತ್ತಿದ್ದ ಮಗಳ ಮೇಲೆ ಕೂಗಾಡಿದ.

"ಬೈಯೋದು ಆಮೇಲೆ, ಮೊದ್ಲು ಹಿಂದೆ ನೋಡಪ್ಪಾ," ಎಂದಳು ರೆಸ್ಯಾನ್.

ಹಿಂದಿನ ಸೀಟಿನಲ್ಲಿ, ಸಫಾರಿಗೆ ಬಂದಿದ್ದ ಪರದೇಶದ ಮುದುಕಿಯ ಮಡಿಲಲ್ಲಿ, ಆಗಷ್ಟೇ ಹುಟ್ಟಿದ ಕರು ಮಲಗಿತ್ತು. ಅದರ ಮೇಲೆ ಕಣ್ಣಿಟ್ಟು ತಾಯಿಹಸು ಜೀಪಿನ ಬೆನ್ನಿಗೇ ನಡೆದುಬಂದಿತ್ತು.

"ಸಿಂಹಿಣಿ ಹೊಂಚು ಹಾಕಿತ್ತು. ಫೋಟೋ ಬೇಡ, ಗಾಡಿ ಅಡ್ಡ ನಿಲ್ಸು ಅಂದಿದ್ದು ಈ ಅಜ್ಜೀನೇ. ಕರು ಹಾಕೋವರೆಗೂ ಕಾದ್ವಿ. ಸಿಂಹಿಣಿ ಬೇಜಾರಾಗಿ ಎದ್ದು ಹೋಯ್ತು."

ಪರ್ಸಾಲೋಯಿ ಈಟಿಯನ್ನು ನೆಲಕ್ಕೆ ಊರಿದ. ಬರಿದಾದ ಅಂಗೈಗೆ ಉಗುಳಿಕೊಂಡು ಮಗಳ ಹಣೆಗೆ ಸವರಿದ. ಮತ್ತೆ ಉಗುಳಿಕೊಂಡು ಮುದುಕಿಯತ್ತ ಕೈ ಚಾಚಿದಾಗ ಆಕೆ ಬೆಚ್ಚಿ ಹಿಂದೆ ಸರಿದಳು.

"ಹೆದರ್ಬೇಡಿ ಅಜ್ಜಿ, ನಮ್ಮಲ್ಲಿ ಹರಸೋದೇ ಹೀಗೆ. ಮನೆಯೋರು ಅಂದ್ಕೊಂಡೋರಿಗೇ ಮಾಡೋದು."

ಮುದುಕಿ ಟೋಪಿ ತೆಗೆದು ತಲೆ ಬಾಗಿಸಿದಳು.