ಕಂಠದಾನ

ಆ ನಟ ನಲವತ್ತೆರಡು ಸಿನಿಮಾಗಳಲ್ಲಿ ನಾಯಕನಾಗಿದ್ದ. ಒಂದರಲ್ಲೂ ಅವನ ಸ್ವಂತ ದನಿ ಇರಲಿಲ್ಲ. ಎಲ್ಲದಕ್ಕೂ ಕಂಠದಾನ ಮಾಡಿದವನು ವಾಮನಮೂರ್ತಿ. ಗುಟ್ಟು ಬಯಲಾಗಬಾರದೆಂದು ನಟ ಸಭೆಗಳಲ್ಲಿ ಬಾಯಿ ಬಿಡದೆ ಕೈಮುಗಿದು ನಗುತ್ತಿದ್ದ. ಜನ ಅದನ್ನೇ ಗಾಂಭೀರ್ಯ ಎಂದುಕೊಂಡರು.

ಈಗ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ತಾನು ಯಾರ ನೆನಪಿನಲ್ಲಾದರೂ ಉಳಿದಿದ್ದೇನೆಯೇ ಎಂಬ ಯೋಚನೆ ಅವನನ್ನು ತಿನ್ನತೊಡಗಿತ್ತು. ಮೊನ್ನೆ ಆಟೋದವನೊಬ್ಬ ಕನ್ನಡಿಯಲ್ಲಿ ಅವನ ಮುಖ ಕಂಡು ಅರಳಿದ್ದ. ನಟ ವಿಳಾಸ ಹೇಳಿದ್ದೇ ತಡ, "ನೋಡೋಕೆ ಥೇಟ್ ಅವರ ಥರಾನೇ ಇದ್ದೀರ ಸಾರ್, ವಾಯ್ಸ್ ಮಾತ್ರ ಅವರದ್ದಲ್ಲ ಬಿಡಿ" ಎಂದು ನಕ್ಕುಬಿಟ್ಟಿದ್ದ.

ವಾಮನಮೂರ್ತಿ ತೀರಿಕೊಂಡು ತಿಂಗಳಾದ ಮೇಲೆ ನಟ ಅವನ ಮನೆಗೆ ಹೋದ. ಬಾಗಿಲು ತೆರೆದ ಹೆಂಡತಿ ನೋಡಿದ ಕೂಡಲೇ ಗುರುತು ಹಿಡಿದಳು.

"ಬನ್ನಿ ಸರ್. ದಿನಾ ಸಂಜೆ ನಿಮ್ಮ ಸಿನಿಮಾನೇ ಹಾಕ್ಕೊಂಡು ಕೂರ್ತೀನಿ."

ಒಬ್ಬರಾದರೂ ಇನ್ನೂ ನೋಡುತ್ತಿದ್ದಾರಲ್ಲ ಎಂದುಕೊಂಡ ಅವನು.

"ಯಾವ ಸೀನು ಇಷ್ಟ ನಿಮಗೆ?"

"ಕೋರ್ಟಿಂದು. ಈಗ ಅದೇ ಓಡ್ತಿದೆ, ಕೂತ್ಕೊಳ್ಳಿ."

ಟೀವಿಯ ತುಂಬ, ಕಟಕಟೆಯಲ್ಲಿ ನಿಂತ ಅವನ ಹರೆಯದ ಮುಖ. ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

"ಅಲ್ಲಿ ನಾನು ನಿಜವಾಗ್ಲೂ ಅತ್ತಿದ್ದೆ, ಗ್ಲಿಸರಿನ್ ಹಾಕಿರಲಿಲ್ಲ," ಎಂದ ಅವನು. "ನೋಡಿ, ಈಗ ಬರುತ್ತೆ."

ಅವಳು ಕಣ್ಣು ತೆರೆಯಲಿಲ್ಲ.

"ಸ್ವಲ್ಪ ಸುಮ್ನಿರಿ ಸರ್, ನಮ್ಮನೆಯವರು ಮಾತಾಡ್ತಿದ್ದಾರೆ."